ಬಿಟ್ಟುಬಂದವಳು ಏನಂತ ಕೇಳೋದು?

ಹೆಸರು, ಊರು, ಮನೆಯ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಓದಿ ಒಂದು ಕಡೆ ತಿದ್ದಿಯೂ ಕೊಟ್ಟಿದ್ದಾರೆ. ಇಲ್ಲಿ ಅವರನ್ನು ಶಾರದಾ ಎಂದು ಕರೆಯುತ್ತೇನೆ. ವಯಸ್ಸಾದ ಅಪ್ಪನನ್ನೋ ಅಮ್ಮನನ್ನೋ ಆರೈಕೆ ಕೇಂದ್ರಕ್ಕೆ ಸೇರಿಸುವ ತೊಳಲಾಟದಲ್ಲಿ ಆಪ್ತಸಮಾಲೋಚಕಿಯಾದ ನನ್ನ ಬಳಿ ಬರುವವರು ಅನೇಕರಿದ್ದಾರೆ. ಶಾರದಾ ಆಡಿದ ಒಂದು ಮಾತನ್ನು ನಾನು ಬೇರೆ ಬೇರೆ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಆ ಮಾತು ಹಾಸಿಗೆ ಹಿಡಿದವರಿಗೆ ಎಷ್ಟು ದುಬಾರಿಯಾಗುತ್ತದೆ ಅನ್ನುವುದು ನನಗೆ ಸರಿಯಾಗಿ ತಿಳಿದದ್ದು ಇವರ ಪ್ರಕರಣದಲ್ಲಿ.

ಶಾರದಾ ಬೆಂಗಳೂರಿನಲ್ಲಿ ಪ್ರೌಢಶಾಲೆಯ ಟೀಚರ್, ವಯಸ್ಸು 54. ತಾಯಿಗೆ 81. ಸಾಗರದ ಕಡೆಯ ಹಳ್ಳಿಯವರು, ಅಡಿಕೆ ತೋಟದ ಮನೆಯಲ್ಲಿ ಬಾಳಿದವರು, ಆರು ವರ್ಷದಿಂದ ಮರೆವಿನ ಕಾಯಿಲೆ, ಜೊತೆಗೆ ಸಕ್ಕರೆ ಕಾಯಿಲೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಆಮೇಲೆ ರಾತ್ರಿ ನಿದ್ದೆ ಇಲ್ಲ. ಅದೇ ಹೊತ್ತಿಗೆ ಶಾರದಾ ಅವರ ಯಜಮಾನರಿಗೆ ಲಕ್ವ ಹೊಡೆಯಿತು. ಒಂದು ಮನೆ, ಎರಡು ಹಾಸಿಗೆ, ನೋಡಿಕೊಳ್ಳುವವರು ಒಬ್ಬರೇ. ಅಣ್ಣ ನ್ಯೂಜೆರ್ಸಿಯಲ್ಲಿದ್ದಾರೆ, ಹಣ ಕಳಿಸುತ್ತಾರೆ. ಹಿನ್ನೆಲೆ ಇಷ್ಟು ಸಾಕು.

ಮೊದಲ ಸಲ ಬಂದಾಗ ಅವರ ಕೈಯಲ್ಲಿ ಮೂರು ಕೇಂದ್ರಗಳ ಬಣ್ಣದ ಪುಸ್ತಿಕೆಗಳಿದ್ದವು. ಅಣ್ಣ ಫೋನಿನಲ್ಲಿ ‘ಒಳ್ಳೇ ನರ್ಸಿಂಗ್ ಹೋಂ ನೋಡು, ಎಷ್ಟು ಸ್ಟಾರ್ ಇದೆ ಅಂತ ನೋಡಿ ಹೇಳು’ ಅಂದಿದ್ದರಂತೆ. ಇಲ್ಲೇ ಎಡವುವುದು ಶುರುವಾಗುತ್ತದೆ. ನಮ್ಮಲ್ಲಿ ನರ್ಸಿಂಗ್ ಹೋಂ ಅಂದರೆ ಹೆರಿಗೆಗೋ ಅಪೆಂಡಿಕ್ಸ್‌ಗೋ ಹೋಗಿ ನಾಲ್ಕು ದಿನ ಮಲಗಿ ಬರುವ ಸಣ್ಣ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಹೆಸರು ವಯಸ್ಸಾದವರು ವರ್ಷಗಟ್ಟಲೆ ಇರುವ ಆರೈಕೆ ಮನೆಗೆ. ಅಲ್ಲಿನ ಸರ್ಕಾರ 2008ರಿಂದ ಅಂಥ ಮನೆಗಳಿಗೆ ಒಂದರಿಂದ ಐದು ಸ್ಟಾರ್ ಕೊಡುತ್ತಿದೆ. ತಪಾಸಣೆಯಲ್ಲಿ ಏನು ಸಿಕ್ಕಿತು, ಸಿಬ್ಬಂದಿ ಎಷ್ಟಿದ್ದಾರೆ, ಅಲ್ಲಿರುವವರ ಆರೋಗ್ಯ ಹೇಗಿದೆ, ಇವುಗಳ ಮೇಲೆ ಆ ಲೆಕ್ಕ. ತಪಾಸಣಾ ವರದಿಯನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ಓದಬಹುದು. ಅಣ್ಣನ ಮನಸ್ಸಿನಲ್ಲಿದ್ದದ್ದು ಆ ಸ್ಟಾರ್. ತಂಗಿ ನೋಡಿ ಹೇಳಿದ್ದು ಗೂಗಲ್ ಮ್ಯಾಪಿನ ಸ್ಟಾರ್. ಅದನ್ನು ಕೊಟ್ಟವರು ಭಾನುವಾರ ಹನ್ನೊಂದು ಗಂಟೆಗೆ ಬಂದು, ಹಾಲ್‌ನಲ್ಲಿ ಕಾಫಿ ಕುಡಿದು ಹೋದವರೂ ಇರಬಹುದು. ಒಂದೇ ಪದ ಇಟ್ಟುಕೊಂಡು ಅಣ್ಣ ತಂಗಿ ಎರಡು ತಿಂಗಳು ಬೇರೆ ಬೇರೆ ವಿಷಯ ಮಾತಾಡಿದ್ದರು.

ನಮ್ಮಲ್ಲಿ ಇರುವುದನ್ನೂ ಹೇಳಿಬಿಡುತ್ತೇನೆ. ವೈದ್ಯಕೀಯ ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆ ಕರ್ನಾಟಕದಲ್ಲಿ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಆ ಪ್ರಮಾಣಪತ್ರ ಮತ್ತು ದರಪಟ್ಟಿ ಜನಕ್ಕೆ ಕಾಣುವ ಜಾಗದಲ್ಲಿ ಇರಬೇಕು. ಬಡಾವಣೆಯ ಬಾಡಿಗೆ ಮನೆಯಲ್ಲಿ ಟ್ರಸ್ಟ್ ಹೆಸರಿನಲ್ಲಿ ನಡೆಯುವ ವೃದ್ಧಾಶ್ರಮ ‘ನಮ್ಮದು ಬರೀ ವಸತಿ’ ಅನ್ನಬಹುದು. ಆದರೆ ಅಲ್ಲೇ ಡ್ರಿಪ್ ಹಾಕುತ್ತಾರೆ, ಮೂಗಿಗೆ ನಳಿಕೆ ಇಡುತ್ತಾರೆ, ಮೂತ್ರದ ಪೈಪ್ ಹಾಕುತ್ತಾರೆ ಅಂದರೆ ‘ಯಾವ ನೋಂದಣಿಯ ಮೇಲೆ?’ ಎಂದು ಕೇಳುವ ಹಕ್ಕು ನಿಮಗಿದೆ. ಕಾಗದ ಇದ್ದ ಮಾತ್ರಕ್ಕೆ ಜಾಗ ಒಳ್ಳೆಯದು ಅಂತಲ್ಲ. ಕೇಳಿದಾಗ ಅವರು ಎದ್ದು ಹೋಗಿ ತರುತ್ತಾರೋ, ಮಾತು ಬೇರೆ ಕಡೆ ತಿರುಗಿಸುತ್ತಾರೋ, ಅದನ್ನು ನೋಡಿಕೊಳ್ಳಿ.

ಆ ದಿನ ನಾನು ಶಾರದಾ ಅವರಿಗೆ ಒಂದು ಹಾಳೆಯಲ್ಲಿ ನೋಡಬೇಕಾದ್ದನ್ನು ಬರೆದುಕೊಟ್ಟೆ. ಹೇಳದೆ ಸಂಜೆ ಆರರ ಮೇಲೆ ಹೋಗಿ, ಮರೆವಿನ ಕಾಯಿಲೆಯವರಿಗೆ ಕಸಿವಿಸಿ ಹೆಚ್ಚಾಗುವ ಹೊತ್ತು ಅದು. ಬಚ್ಚಲಿನ ಗೋಡೆಗೆ ಹಾಕಿದ ಹಿಡಿಕೆಯನ್ನು ಮೈಭಾರ ಹಾಕಿ ಜಗ್ಗಿ ನೋಡಿ. ಮೂತ್ರದ ವಾಸನೆ ಒಂದು ಮೂಲೆಯಲ್ಲಿ ಇದ್ದರೆ ಈಗಷ್ಟೇ ಆಗಿದ್ದು, ಮನೆಯೆಲ್ಲ ಇದ್ದರೆ ಆಗುತ್ತಲೇ ಇರುವುದು, ಮನೆಯೆಲ್ಲ ಫಿನಾಯಿಲ್ ವಾಸನೆಯಿದ್ದರೆ ಇನ್ನೊಂದು ಸಲ ಬೇರೆ ಹೊತ್ತಲ್ಲಿ ಹೋಗಿ. ಹಾಸಿಗೆ ಹಿಡಿದವರನ್ನು ಯಾವ ಮಹಡಿಯಲ್ಲಿ ಇಟ್ಟಿದ್ದಾರೆ, ಕಿಟಕಿಗೆಲ್ಲ ಗ್ರಿಲ್ ಇದ್ದರೆ ರಾತ್ರಿ ಎರಡು ಗಂಟೆಗೆ ಬಾಗಿಲ ಕೀಲಿ ಯಾರ ಸೊಂಟದಲ್ಲಿರುತ್ತದೆ, ಕೇಳಿ. ಹೀಗೆ. ಜೊತೆಗೆ ‘ನೀವು ತಪ್ಪು ಮಾಡುತ್ತಿಲ್ಲ’ ಎಂದು ಸಮಾಧಾನವನ್ನೂ ಹೇಳಿದೆ. ಅವರ ಸೋದರತ್ತೆಯ ಮಗ ಯಾರೋ ‘ತಾಯಿನ ಆಶ್ರಮಕ್ಕೆ ಬಿಟ್ಟರೆ ಜೈಲಂತೆ’ ಎಂದು ಹೆದರಿಸಿದ್ದರಂತೆ. 2007ರ ಹಿರಿಯ ನಾಗರಿಕರ ಕಾಯ್ದೆಯ 24ನೇ ಕಲಮು ಹೇಳುವುದು ಪೂರ್ತಿಯಾಗಿ ತೊರೆದುಬಿಡುವ ಉದ್ದೇಶದಿಂದ ಎಲ್ಲೋ ಬಿಟ್ಟುಹೋಗುವವರ ಬಗ್ಗೆ. ಅವರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆರೈಕೆಗೆ ಸೇರಿಸಿ, ದುಡ್ಡು ಕಟ್ಟಿ, ವಾರ ವಾರ ಹೋಗಿ ನೋಡುವ ಮಗಳ ಬಗ್ಗೆ ಅಲ್ಲ. ಅದನ್ನೂ ವಿವರಿಸಿದೆ. ಸಮಾಧಾನವಾದವರಂತೆ ಎದ್ದು ಹೋದರು.

ನನ್ನನ್ನು ಈಗಲೂ ಕಾಡುವುದು ಆ ಹಾಳೆ. ಅದರಲ್ಲಿದ್ದದ್ದೆಲ್ಲ ಸೇರಿಸುವ ಮುಂಚಿನ ಮಾತು. ಸೇರಿಸಿದ ಮೇಲೆ ಏನು ಅನ್ನುವುದು ಒಂದು ಸಾಲೂ ಇರಲಿಲ್ಲ.

ಎರಡನೇ ಸಲ ಅವರು ಬಂದದ್ದು ಏಳು ವಾರದ ನಂತರ, ಒಂದು ಗುರುವಾರ ಮಧ್ಯಾಹ್ನ ಮೂರೂವರೆಗೆ. ತಾಯಿಯನ್ನು ಊರಹೊರಗಿನ ಒಂದು ಕೇಂದ್ರಕ್ಕೆ ಸೇರಿಸಿ ಆರು ವಾರವಾಗಿತ್ತು. ತಿಂಗಳಿಗೆ 42 ಸಾವಿರ. ಹಾಲ್‌ನಲ್ಲಿ ಗಣಪತಿಯ ದೊಡ್ಡ ವಿಗ್ರಹ, ಅಣ್ಣ ಅಲ್ಲಿಂದಲೇ ನೋಡಲು ಕ್ಯಾಮೆರಾ, ಎಲ್ಲ ಇತ್ತು. ಶಾರದಾ ಅರ್ಧ ಗಂಟೆ ಅಣ್ಣನ ಬಗ್ಗೆ ಮಾತಾಡಿದರು. ನಿದ್ದೆ ಬರುತ್ತಿಲ್ಲ ಅಂದರು. ಉತ್ತರಪತ್ರಿಕೆಗಳಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಿಪ್ ಹಾಕುತ್ತಾ ತೆಗೆಯುತ್ತಾ ಇದ್ದರು. ಹೊರಡಲು ಎದ್ದವರು ನಿಂತೇ ಹೇಳಿದರು:

‘ಭಾನುವಾರ ಅಮ್ಮನ ಕಾಲುಚೀಲ ಜಾರಿತ್ತು ಮೇಡಂ. ಸರಿಮಾಡೋಣ ಅಂತ ಬಗ್ಗಿದೆ. ಹಿಮ್ಮಡಿ ಹತ್ರ ಕಪ್ಪಗಿತ್ತು.’

‘ಎಷ್ಟು ಅಗಲ?’

‘ಎಂಟಾಣೆಯಷ್ಟು. ಕಪ್ಪು ಅಂದ್ರೆ ನೇರಳೆ ಹಣ್ಣಿನ ಬಣ್ಣ. ಮುಟ್ಟಿದ್ರೆ ಮೆತ್ತಗಿತ್ತು.’

‘ಏನು ಮಾಡಿದಿರಿ?’

ಅವರು ಕೂತರು. ‘ಕಾಲುಚೀಲ ಮೇಲಕ್ಕೆ ಎಳೆದೆ.’

ನಾನು ಸುಮ್ಮನಿದ್ದೆ.

‘ಆಯಾ ಬಂದ್ಲು. ಚೆನ್ನಾಗಿ ನೋಡ್ಕೊಳ್ತಿದೀಯಮ್ಮ ಅಂತ ಹೇಳಿ ಇನ್ನೂರು ರೂಪಾಯಿ ಕೊಟ್ಟು ಬಂದೆ.’

ಭಾನುವಾರದಿಂದ ಗುರುವಾರದವರೆಗೆ ಈ ಹೆಂಗಸು ಆ ಹಿಮ್ಮಡಿಯನ್ನು ಕಣ್ಣಲ್ಲಿಟ್ಟುಕೊಂಡು ಪಾಠ ಮಾಡಿದ್ದರು, ಅಡುಗೆ ಮಾಡಿದ್ದರು, ಯಜಮಾನರಿಗೆ ವ್ಯಾಯಾಮ ಮಾಡಿಸಿದ್ದರು, ಅಣ್ಣನಿಗೆ ‘ಅಮ್ಮ ಆರಾಮಿದ್ದಾಳೆ’ ಎಂದು ಎರಡು ಸಲ ಹೇಳಿದ್ದರು. ಯಾಕೆ ಕೇಳಲಿಲ್ಲ ಎಂದು ನಾನು ಕೇಳಿದೆ. ನನ್ನ ದನಿ ಸ್ವಲ್ಪ ಗಡಸಾಗಿಯೇ ಇತ್ತೇನೋ.

‘ಏನಂತ ಕೇಳಲಿ? ಅಷ್ಟು ಕಾಳಜಿ ಇದ್ದೋರು ಮನೇಲೇ ಇಟ್ಕೋಬೇಕಿತ್ತು ಅಂದ್ಬಿಟ್ರೆ? ಅವರು ಅನ್ನದೇ ಇದ್ರೂ ಮನಸ್ಸಲ್ಲಿ ಅಂದ್ಕೊಳ್ಳಲ್ವಾ? ಮತ್ತೆ ನಾನು ಜಗಳ ಮಾಡಿ ಬಂದ ಮೇಲೆ ರಾತ್ರಿಯೆಲ್ಲಾ ಅಮ್ಮ ಅವರ ಕೈಯಲ್ಲೇ ಇರೋದು.’

ಎರಡನೆಯ ಹೆದರಿಕೆ ನಿಜವಾದದ್ದು, ಅದನ್ನು ನಾನು ಯಾರ ಎದುರೂ ಅಲ್ಲಗಳೆಯುವುದಿಲ್ಲ. ಆದರೆ ಅವರ ಬಾಯಿ ಕಟ್ಟಿದ್ದು ಮೊದಲನೆಯದು. ನಾನು ಅವರ ಕೆಲಸದಿಂದಲೇ ಒಂದು ಮಾತು ಎತ್ತಿದೆ. ‘ನಿಮ್ಮ ಶಾಲೆಗೆ ಒಬ್ಬ ತಾಯಿ ಸಂಜೆ ಬಂದು, ನನ್ನ ಮಗನ ಮೊಣಕಾಲು ಯಾಕೆ ತರಚಿದೆ ಟೀಚರ್ ಅಂತ ಕೇಳ್ತಾಳೆ. ಅಷ್ಟು ಕಾಳಜಿ ಇದ್ದೋಳು ಮನೇಲೇ ಇಟ್ಕೋಬೇಕಿತ್ತು ಅಂತೀರಾ?’

‘ಅದು ಹ್ಯಾಗೆ ಅನ್ನೋಕಾಗತ್ತೆ ಮೇಡಂ. ಅವಳು ಮಗನ್ನ ಸೇರಿಸಿದವಳು.’ ಸ್ವಲ್ಪ ತಡೆದು ಹೇಳಿದರು, ‘ನಾನು ಬಿಟ್ಟುಬಂದವಳು.’

ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ ನಾನು ಗಮನಿಸದಿದ್ದ ಸಂಗತಿಯನ್ನು ಅವರು ಎರಡು ಕ್ರಿಯಾಪದದಲ್ಲಿ ಹೇಳಿಬಿಟ್ಟರು. ನಾವು ಮಗುವನ್ನು ಶಾಲೆಗೆ ಸೇರಿಸುತ್ತೇವೆ. ಜ್ವರ ಬಂದವರನ್ನು ಆಸ್ಪತ್ರೆಗೆ ಸೇರಿಸುತ್ತೇವೆ. ಅಪ್ಪ ಅಮ್ಮನನ್ನು ಮಾತ್ರ ಆಶ್ರಮಕ್ಕೆ ‘ಹಾಕುತ್ತೇವೆ’, ‘ತಳ್ಳುತ್ತೇವೆ’, ‘ಬಿಟ್ಟುಬರುತ್ತೇವೆ’. ಸೇರಿಸಿದವರಿಗೆ ಕೇಳುವ ಬಾಯಿ ಇದೆ, ರಸೀದಿ ಇದೆ, ಮತ್ತೆ ನಾಳೆ ಹೋಗಿ ನಿಲ್ಲುವ ಧೈರ್ಯ ಇದೆ. ಬಿಟ್ಟುಬಂದವರಿಗೆ ಗೇಟಿನ ಹತ್ತಿರವೇ ಕಾಲು ಭಾರ. ಭಾನುವಾರ ಹಣ್ಣು ತಗೊಂಡು ಹೋಗಿ, ಸಿಬ್ಬಂದಿಗೆಲ್ಲ ಕೈಮುಗಿದು, ಏನನ್ನೂ ನೋಡದೆ ಬೇಗ ಬೇಗ ಹೊರಬರುತ್ತಾರೆ. ಸರ್ಕಾರದ ತಪಾಸಣೆ ತೆಳುವಾಗಿರುವ ಕಡೆ ಹಾಸಿಗೆಯ ಮೇಲಿರುವವರಿಗೆ ಇರುವ ಇನ್‌ಸ್ಪೆಕ್ಟರು ಮನೆಯವರೇ. ಆ ಇನ್‌ಸ್ಪೆಕ್ಟರೇ ತಲೆ ತಗ್ಗಿಸಿಕೊಂಡು ಬಂದರೆ ಕಾಲುಚೀಲ ಬಿಚ್ಚುವವರು ಯಾರು?

‘ಹಾಗಾದ್ರೆ ಇವತ್ತು ಹೋಗಿ ಸೇರಿಸಿ ಬನ್ನಿ’ ಅಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಇವತ್ತೇ, ಶಾಲೆಯ ಚೀಲ ಹಿಡಿದುಕೊಂಡೇ ಹೋಗಿ. ಮೊದಲು ತಾಯಿಯ ಎರಡೂ ಕಾಲುಚೀಲ ಬಿಚ್ಚಿ. ಮಗ್ಗುಲಿಗೆ ಹೊರಳಿಸಲು ಆಯಾ ಸಹಾಯ ಕೇಳಿ ಬೆನ್ನಿನ ಕೆಳಭಾಗ, ಸೊಂಟದ ಎರಡು ಬದಿ, ಮೊಣಕೈ, ಕಿವಿಯ ಹಿಂದೆ ನೋಡಿ, ಮಲಗಿದಲ್ಲೇ ಮಲಗಿದವರಿಗೆ ಒತ್ತಡದ ಹುಣ್ಣು ಏಳುವ ಜಾಗಗಳು ಅವು. ಫೋನಿನಲ್ಲಿ ಫೋಟೋ ತೆಗೆಯಿರಿ, ಆ ದಿನದ ಪೇಪರ್ ಪಕ್ಕದಲ್ಲಿಟ್ಟು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಇಡಿಸಿ. ಸಕ್ಕರೆ ಕಾಯಿಲೆ ಇರುವವರ ಕಾಲಿನ ಕಪ್ಪು ಕಲೆಗೆ ವೈದ್ಯರು ಬೇಕು, ಇವತ್ತು ರಾತ್ರಿ ಅಥವಾ ನಾಳೆ ಬೆಳಿಗ್ಗೆ, ವಾರದ ಡಾಕ್ಟರು ಬರುವ ಶನಿವಾರದವರೆಗೆ ಕಾಯಬೇಡಿ. ಆಮೇಲೆ ಮೂರು ಪುಸ್ತಕ ಕೇಳಿ: ಮಗ್ಗುಲು ಬದಲಿಸಿದ್ದು, ತೂಕ, ಮಾತ್ರೆ. ತಿಂಗಳಲ್ಲಿ ನೂರಕ್ಕೆ ಐದು ಪಾಲು ತೂಕ ಇಳಿದಿದ್ದರೆ ಅದು ವೈದ್ಯರು ಕಾರಣ ಹುಡುಕಬೇಕಾದ ಇಳಿಕೆ.

ಮಾತು ಹೇಗೆ ಶುರುಮಾಡಬೇಕು ಅನ್ನುವುದನ್ನೂ ಜೊತೆಯಲ್ಲಿ ಕೂತು ಹೇಳಿಕೊಟ್ಟೆ, ಎರಡು ಸಲ ಹೇಳಿಸಿದೆ. ‘ನಾನು ಬೈಯೋಕೆ ಬಂದಿಲ್ಲ ಸಿಸ್ಟರ್. ಅಮ್ಮನ ಹಿಮ್ಮಡಿ ಹೀಗಾಗಿದೆ. ಯಾವತ್ತಿಂದ, ಏನು ಮಾಡ್ತಿದೀರ, ನಾನು ಏನು ಮಾಡ್ಬೇಕು, ಈ ಮೂರು ಹೇಳಿ.’ ಈ ಮೂರಕ್ಕೆ ಬರುವ ಉತ್ತರದಲ್ಲಿ ಕೇಂದ್ರದ ಗುಣ ಗೊತ್ತಾಗುತ್ತದೆ ಎಂದೆ.

ಈ ಸಲಹೆ ಕೊಟ್ಟದ್ದಕ್ಕೆ ನನ್ನ ಸಹೋದ್ಯೋಗಿಗಳಲ್ಲಿ ಇಬ್ಬರು ಆಕ್ಷೇಪಿಸಿದರು. ಹೀಗೆ ಮಾಡು ಹಾಗೆ ಮಾಡು ಎಂದು ನಾವು ಹೇಳಬಾರದು, ಬಂದವರು ತಾವೇ ದಾರಿ ಕಂಡುಕೊಳ್ಳುವ ಹಾಗೆ ಜೊತೆಗಿರಬೇಕು ಎಂದು ನಮಗೆ ಕಲಿಸಿರುವುದು ನಿಜ. ಗಂಡ ಹೆಂಡತಿಯ ವಿಷಯದಲ್ಲಿ, ಓದು ಕೆಲಸದ ವಿಷಯದಲ್ಲಿ ನಾನು ಅದನ್ನೇ ಪಾಲಿಸುತ್ತೇನೆ. ಆದರೆ ಆ ಮಧ್ಯಾಹ್ನ ನನ್ನ ಕೋಣೆಯಲ್ಲಿ ಕೂತಿದ್ದವರು ಒಬ್ಬರು, ಕಾಲು ಕೊಳೆಯುವ ಅಪಾಯದಲ್ಲಿದ್ದವರು ಇನ್ನೊಬ್ಬರು. ಮಗಳು ತನ್ನ ಪಾಪಪ್ರಜ್ಞೆಯ ಬೇರು ಹುಡುಕಿಕೊಳ್ಳಲು ಆರು ವಾರ ತಗೊಳ್ಳಬಹುದು. ಹಿಮ್ಮಡಿಗೆ ಅಷ್ಟು ಪುರುಸೊತ್ತಿಲ್ಲ. ಮಾತಾಡಲಾಗದ ಮೂರನೆಯವರೊಬ್ಬರ ಮೈ ನಡುವೆ ಇದ್ದಾಗ ನಾನು ಸಲಹೆ ಕೊಟ್ಟೇ ಕೊಡುತ್ತೇನೆ.

ಇನ್ನೊಬ್ಬರು ತದ್ವಿರುದ್ಧವಾಗಿ ಕೇಳಿದರು: ಅಂಥ ಜಾಗದಿಂದ ಆ ದಿನವೇ ಕರಕೊಂಡು ಬನ್ನಿ ಅಂತ ಯಾಕೆ ಹೇಳಲಿಲ್ಲ? ಎಲ್ಲಿಗೆ ಕರಕೊಂಡು ಬರುವುದು? ಲಕ್ವ ಹೊಡೆದವರ ಪಕ್ಕಕ್ಕೆ? ಮರೆವಿನ ಕಾಯಿಲೆಯವರನ್ನು ಇದ್ದಕ್ಕಿದ್ದ ಹಾಗೆ ಜಾಗ ಬದಲಿಸಿದರೆ ಗಲಿಬಿಲಿ ಹೆಚ್ಚುತ್ತದೆ, ಬೀಳುತ್ತಾರೆ, ಊಟ ಬಿಡುತ್ತಾರೆ. ಹೊಡೆತದ ಗುರುತು, ಕಟ್ಟಿಹಾಕಿದ ಗುರುತು ಇದ್ದಿದ್ದರೆ ನನ್ನ ಮಾತು ಬೇರೆಯಾಗುತ್ತಿತ್ತು. ಅಂಥ ಸಂದರ್ಭಕ್ಕೆ ಹಿರಿಯರ ಸಹಾಯವಾಣಿ 14567 ಇದೆ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ತುರ್ತು ಇದ್ದರೆ 112. ಒಂದು ಹುಣ್ಣು ಒಳ್ಳೆಯ ಕಡೆಯೂ ಆಗಬಹುದು. ಒಳ್ಳೆಯ ಕಡೆಯವರು ಅದನ್ನು ನಿಮಗಿಂತ ಮೊದಲು ನೋಡಿರುತ್ತಾರೆ, ನಿಮಗೆ ಫೋನ್ ಮಾಡಿರುತ್ತಾರೆ.

ಅವತ್ತು ರಾತ್ರಿ ಎಂಟೂವರೆಗೆ ಶಾರದಾ ಫೋನ್ ಮಾಡಿದರು. ದನಿ ಬೇರೆಯಾಗಿತ್ತು.

ಅವರು ಅಲ್ಲಿಗೆ ತಲುಪಿದಾಗ ಆರಕ್ಕೆ ಇಪ್ಪತ್ತು ನಿಮಿಷ. ಕಾಲುಚೀಲ ಬಿಚ್ಚಿದರು. ಇನ್ನೊಂದು ಹಿಮ್ಮಡಿಯೂ ಕೆಂಪಾಗಿತ್ತು, ಬೆರಳೊತ್ತಿ ತೆಗೆದರೂ ಕೆಂಪು ಹೋಗುತ್ತಿರಲಿಲ್ಲ. ಮ್ಯಾನೇಜರ್ ಮೊದಲು ‘ವಯಸ್ಸಾದ ಮೇಲೆ ಇದೆಲ್ಲ ಸಹಜ ಮೇಡಂ’ ಅಂದರು. ಶಾರದಾ ಪುಸ್ತಕ ಕೇಳಿದರು. ಮಗ್ಗುಲು ಬದಲಿಸುವ ಪಟ್ಟಿ ಬಂತು, ಹಾಳೆಯ ಮೇಲೆ ಎರಡೆರಡು ಗಂಟೆಗೆ ಒಂದು ಮನೆ, ಪ್ರತಿ ಮನೆಯಲ್ಲೂ ಟಿಕ್.

‘ಮೂವತ್ತು ವರ್ಷ ಹಾಜರಿ ಹಾಕಿದವಳು ನಾನು ಮೇಡಂ. ಒಂದೇ ಸಲಕ್ಕೆ ಕೂತು ಹಾಕಿದ ಟಿಕ್ ಯಾವುದು ಅಂತ ನಂಗೆ ಗೊತ್ತಾಗಲ್ವಾ? ಒಂದೇ ಪೆನ್ನು, ಒಂದೇ ಓರೆ. ಅದೂ ಹೋಗ್ಲಿ ಅಂದ್ರೆ, ರಾತ್ರಿ ಎಂಟು ಗಂಟೇದೂ ಹತ್ತು ಗಂಟೇದೂ ಆಗ್ಲೇ ಹಾಕಿತ್ತು. ಗೋಡೆ ಗಡಿಯಾರದಲ್ಲಿ ಆರು ಹತ್ತು!’

ಅವರು ಜಗಳವಾಡಲಿಲ್ಲ. ಆ ಹಾಳೆಯ ಫೋಟೋ ತೆಗೆದರು, ಮಾತ್ರೆಯ ಪುಸ್ತಕ ಕೇಳಿದರು. ನಾಲ್ಕು ವಾರದ ಹಿಂದೆ ರಾತ್ರಿಗೆ ಒಂದು ಹೊಸ ಮಾತ್ರೆ ಸೇರಿತ್ತು. ಯಾಕೆ ಎಂದು ಕೇಳಿದ್ದಕ್ಕೆ ಸಿಸ್ಟರ್ ವರದಿ ಪುಸ್ತಕ ತೋರಿಸಿದರು: ‘ಹೊರಗೆ ಹೋಗಬೇಕು ಎಂದು ಹಠ ಮಾಡುತ್ತಾರೆ. ಬಾಗಿಲ ಬಳಿ ಹೋಗುತ್ತಾರೆ.’

ಇದನ್ನು ಓದಿ ಶಾರದಾ ಅಲ್ಲೇ ಅತ್ತುಬಿಟ್ಟರಂತೆ. ಅವರ ತಾಯಿಯ ಕಾಲದ ಮಲೆನಾಡಿನ ಹಳ್ಳಿಮನೆಗಳಲ್ಲಿ ಕಕ್ಕಸು ಮನೆಯೊಳಗೆ ಇರುತ್ತಿರಲಿಲ್ಲ. ‘ಹೊರಗೆ ಹೋಗಬೇಕು’ ಅಂದರೆ ಕಕ್ಕಸಿಗೆ ಹೋಗಬೇಕು ಅಂತ. ಬೇರೆ ಪದ ಅವರ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ. ಆ ವರದಿ ಬರೆದ ಹುಡುಗಿ ಬೇರೆ ರಾಜ್ಯದವಳಲ್ಲ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಕನ್ನಡದವಳು. ಅವಳಿಗೆ ‘ಹೊರಗೆ’ ಅಂದರೆ ಗೇಟಿನ ಹೊರಗೆ. ಮುದುಕಿ ಓಡಿಹೋಗಲು ನೋಡುತ್ತಾರೆ ಎಂದು ಡಾಕ್ಟರಿಗೆ ಹೇಳಿದಳು, ಡಾಕ್ಟರು ನಿದ್ದೆ ಬರುವ ಮಾತ್ರೆ ಬರೆದರು, ಮಾತ್ರೆ ತಗೊಂಡವರು ಬೆಳಿಗ್ಗೆ ಹನ್ನೊಂದರವರೆಗೆ ಅಂಗಾತ ಮಲಗಿದಲ್ಲೇ ಮಲಗಿದರು, ಡೈಪರ್ ಹಾಕಿದರು, ಹಿಮ್ಮಡಿ ಹಾಸಿಗೆಗೆ ಒತ್ತಿ ಒತ್ತಿ ಕಪ್ಪಾಯಿತು. ಎಲ್ಲಿಂದ ಎಲ್ಲಿಗೆ! ಇಡೀ ಸರಪಳಿಯಲ್ಲಿ ಕೆಟ್ಟವರು ಅನ್ನಬಹುದಾದವರು ಯಾರೂ ಇಲ್ಲ, ಆ ಟಿಕ್ ಹಾಕಿದ ಕೈಯೊಂದನ್ನು ಬಿಟ್ಟರೆ. ಆ ಕೈಯೂ ರಾತ್ರಿ ಪಾಳಿಯಲ್ಲಿ ಹದಿನಾರು ಜನರನ್ನು ಇಬ್ಬರೇ ನೋಡಿಕೊಳ್ಳುತ್ತಿದ್ದವರಲ್ಲಿ ಒಬ್ಬರದು.

ಈ ಮಾತ್ರೆಗಳ ಬಗ್ಗೆ ನಾನು ವೈದ್ಯೆಯಲ್ಲದಿದ್ದರೂ ಒಂದು ಮಾತು ಹೇಳಲೇಬೇಕು. ಮರೆವಿನ ಕಾಯಿಲೆಯ ವೃದ್ಧರಿಗೆ ಹಠ, ಕಸಿವಿಸಿ ತಗ್ಗಿಸಲು ಕೊಡುವ ಮನೋವಿಕಾರದ ಕೆಲವು ಹೊಸ ಬಗೆಯ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಕೊಟ್ಟಿತು. 2008ರಲ್ಲಿ ಆ ಎಚ್ಚರಿಕೆಯನ್ನು ಅದೇ ಜಾತಿಯ ಹಳೆಯ ತಲೆಮಾರಿನ ಮಾತ್ರೆಗಳಿಗೂ ವಿಸ್ತರಿಸಿತು. ಕೆಲವರಿಗೆ ಅವು ಬೇಕೇ ಬೇಕಾಗುತ್ತವೆ. ನೀವಾಗಿಯೇ ನಿಲ್ಲಿಸಲು ಹೋಗಬೇಡಿ. ಆದರೆ ಯಾರು ಬರೆದದ್ದು, ಯಾವ ತೊಂದರೆಗೆ, ಎಷ್ಟು ದಿನಕ್ಕೆ, ಮತ್ತೆ ಯಾವತ್ತು ನೋಡಿ ಕಡಿಮೆ ಮಾಡುತ್ತಾರೆ ಎಂದು ಕೇಳದೆ ಹೊಸ ಮಾತ್ರೆಯೊಂದನ್ನು ಒಪ್ಪಬೇಡಿ. ಶಾರದಾ ಕೇಳಿದರು. ಮರುದಿನ ನಿಮ್ಹಾನ್ಸ್‌ನಲ್ಲಿ ಮೊದಲಿಂದ ತಾಯಿಯನ್ನು ನೋಡುತ್ತಿದ್ದ ವೈದ್ಯರಿಗೆ ತೋರಿಸಿದರು, ಮಾತ್ರೆ ಹಂತಹಂತವಾಗಿ ಇಳಿಯಿತು. ಹಿಮ್ಮಡಿಯನ್ನು ಬೇರೊಬ್ಬ ಸರ್ಜನ್ ನೋಡಿದರು.

ಮೂರು ವಾರ ಬಿಟ್ಟು ಅವರು ತಾಯಿಯನ್ನು ಬೇರೆ ಕಡೆಗೆ ಸೇರಿಸಿದರು. ಈ ಸಲ ಹುಡುಕಿದ ರೀತಿಯೇ ಬೇರೆ. ಎರಡು ಕಡೆ ‘ನಿಮ್ಮಲ್ಲಿ ಕಳೆದ ಮೂರು ತಿಂಗಳಲ್ಲಿ ಯಾರಾದರೂ ಬಿದ್ದಿದ್ದಾರಾ?’ ಎಂದು ಕೇಳಿದ್ದಕ್ಕೆ ‘ಛೆ ಛೆ, ನಮ್ಮಲ್ಲಿ ಯಾರೂ ಬೀಳಲ್ಲ’ ಎಂಬ ಉತ್ತರ ಬಂತು. ಎಂಬತ್ತು ದಾಟಿದ ಇಪ್ಪತ್ತು ಜನ ಓಡಾಡುವ ಮನೆಯಲ್ಲಿ ಮೂರು ತಿಂಗಳು ಯಾರೂ ಬೀಳಲಿಲ್ಲ ಅಂದರೆ ಒಂದೋ ಅವರು ಬರೆದಿಡುವುದಿಲ್ಲ, ಇಲ್ಲವೇ ಯಾರನ್ನೂ ಎದ್ದು ಓಡಾಡಲು ಬಿಡುವುದಿಲ್ಲ. ಮೂರನೆಯ ಕಡೆ ನಡೆಸುವಾಕೆ, ನರ್ಸ್ ಆಗಿದ್ದು ನಿವೃತ್ತರಾದವರು, ಪುಸ್ತಕ ತಂದಿಟ್ಟರು: ಇಬ್ಬರು ಬಿದ್ದಿದ್ದಾರೆ, ಒಬ್ಬರು ರಾತ್ರಿ ಮೂರಕ್ಕೆ ಬಚ್ಚಲ ಹೊಸ್ತಿಲಲ್ಲಿ, ಆಮೇಲೆ ಆ ಹೊಸ್ತಿಲು ಒಡೆಸಿ ಇಳಿಜಾರು ಮಾಡಿಸಿದೆವು, ನೋಡಿ ಬನ್ನಿ. ಗೋಡೆಗೆ ತೇವ ಹತ್ತಿತ್ತು. ಕೂರಲು ಪ್ಲಾಸ್ಟಿಕ್ ಕುರ್ಚಿ. ಹಾಲ್‌ನಲ್ಲಿ ವಿಗ್ರಹ ಇರಲಿಲ್ಲ. ಆದರೆ ಮಲಗಿದ್ದವರ ಕಾಲಿನ ಉಗುರು ಕತ್ತರಿಸಿತ್ತು, ಕನ್ನಡಕದ ಗಾಜು ಒರೆಸಿತ್ತು, ನೀರಿನ ಲೋಟ ಕೈಗೆ ಎಟುಕುವಲ್ಲಿತ್ತು.

ಮತ್ತೆ ಆಕೆ ಶಾರದಾ ಅವರನ್ನೇ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರಂತೆ. ಯಾವ ಮಗ್ಗುಲಲ್ಲಿ ಮಲಗುತ್ತಾರೆ, ಕಾಫಿಗೆ ಬೆಲ್ಲ ಹಾಕುತ್ತಿದ್ದರಾ, ಯಾರ ಹೆಸರು ಕರೆಯುತ್ತಾರೆ, ಗಂಡಸರು ಸ್ನಾನ ಮಾಡಿಸಲು ಬಂದರೆ ಒಪ್ಪುತ್ತಾರಾ. ನಾವು ಕೇಂದ್ರವನ್ನು ಪರೀಕ್ಷಿಸಲು ಹೋಗಿದ್ದಾಗ ಕೇಂದ್ರದವರು ನಮ್ಮನ್ನು ಹೀಗೆ ಬಿಡದೆ ಕೇಳಿದರೆ ನನಗೆ ಎಷ್ಟೋ ನೆಮ್ಮದಿ. ಶಾರದಾ ಈ ಸಲ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಅಮ್ಮನ ಮಾತುಗಳನ್ನು ಬರೆದು ಹಾಸಿಗೆಯ ಮೇಲೆ ಗೋಡೆಗೆ ಅಂಟಿಸಿದರು. ‘ಹೊರಗೆ ಹೋಗಬೇಕು’ ಅಂದರೆ ಕಕ್ಕಸಿಗೆ, ಕೂಡಲೇ ಕರೆದೊಯ್ಯಿರಿ. ‘ಆಸರಿಗೆ’ ಅಂದರೆ ಕುಡಿಯಲು ಏನಾದರೂ ಬೇಕು. ಹೀಗೆ ಒಂಬತ್ತು ಮಾತು, ಪಕ್ಕದಲ್ಲಿ ಹಿಂದಿಯಲ್ಲೂ. ಹಿಂದಿಯನ್ನು ಶಾಲೆಯ ಹಿಂದಿ ಮೇಷ್ಟರಿಂದ ಬರೆಸಿದ್ದು. ಆ ರಟ್ಟು ಅವರ ಸ್ವಂತ ಬುದ್ಧಿ, ನಾನು ಹೇಳಿಕೊಟ್ಟದ್ದಲ್ಲ. ಈಗ ನನ್ನ ಬಳಿ ಬರುವ ಎಲ್ಲರಿಗೂ ಅದನ್ನು ಮಾಡಿಸುತ್ತೇನೆ. ನೀವೂ ಮಾಡಿ, ಅಪ್ಪ ಅಮ್ಮನಿಗೆ ಮಾತು ಇನ್ನೂ ಇರುವಾಗಲೇ.

ಪಾಪಪ್ರಜ್ಞೆ ಹೋಯಿತೇ ಎಂದು ಓದುವವರಿಗೆ ಅನ್ನಿಸಬಹುದು. ಹೋಗಿಲ್ಲ. ಗೇಟಿನ ಹತ್ತಿರ ಈಗಲೂ ಹೊಟ್ಟೆ ಕಿವುಚುತ್ತದೆ ಅನ್ನುತ್ತಾರೆ. ಅವರು ತಿದ್ದಿಕೊಟ್ಟದ್ದೂ ಇಲ್ಲೇ: ನಾನು ‘ಈಗ ನೆಮ್ಮದಿಯಾಗಿದ್ದಾರೆ’ ಎಂದು ಬರೆದಿದ್ದೆ, ಅದನ್ನು ಹೊಡೆದುಹಾಕಿದರು. ಅಣ್ಣನಿಗೂ ಕೆಲಸ ಹಂಚಿದ್ದಾರೆ. ಕ್ಯಾಮೆರಾ ನೋಡುವ ಬದಲು ತಿಂಗಳ ಮೊದಲ ತಾರೀಕು ಅವರು ನೇರ ಕೇಂದ್ರಕ್ಕೆ ಫೋನ್ ಮಾಡಿ ತೂಕ ಎಷ್ಟು, ಮಾತ್ರೆ ಏನೇನು ಎಂದು ಕೇಳಿ ಬರೆದುಕೊಳ್ಳುತ್ತಾರೆ.

ಹಿಮ್ಮಡಿ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಶಾರದಾ ಮಂಗಳವಾರ ಒಂದು ಹೊತ್ತು, ಶನಿವಾರ ಇನ್ನೊಂದು ಹೊತ್ತು ಹೋಗುತ್ತಾರೆ. ಅಲ್ಲಿ ಒಡಿಶಾದ ಹುಡುಗಿಯೊಬ್ಬಳು ಅವರ ತಾಯಿಯನ್ನು ನೋಡಿಕೊಳ್ಳುವುದು. ರಟ್ಟು ನೋಡಿ ನೋಡಿ ಅವಳಿಗೆ ಒಂಬತ್ತು ಮಾತೂ ಬಾಯಿಗೆ ಬಂದಿದೆ. ಶಾರದಾ ಒಳಗೆ ಬಂದು ಕೈ ತೊಳೆದು ಹಾಸಿಗೆಯ ಕಾಲ ಕಡೆ ಕೂರುವಷ್ಟರಲ್ಲಿ ಅವಳೇ ಕಾಲುಚೀಲ ಬಿಚ್ಚಿ ಇಟ್ಟಿರುತ್ತಾಳೆ. ‘ನೋಡಿ ಅಕ್ಕಾ’ ಅನ್ನುತ್ತಾಳೆ.